ಉಪ್ಪಿನಕ್ಕ ಹಾಕಿಸಿದ ಅಗಳಿ

ನಕ್ಕರೆ ಅವಳ ಮುಖ ಪೂರ್ತಿ ಕಪ್ಪು. ನಗು ನಿಂತು ಮುಖ ಸಡಿಲಾಯಿತೆಂದರೆ ಎರಡೂ ಕಣ್ಣಿನ ಮೂಲೆಯಿಂದ ಕಿವಿಯ ತನಕ ಸಣ್ಣ ಸಣ್ಣ ಬಿಳಿ ಗೆರೆಗಳು ಕಾಣುತ್ತಿದ್ದವು, ಯಾರೋ ಸುಣ್ಣದಲ್ಲಿ ಕಡ್ಡಿ ಅದ್ದಿ ಎಳೆದ ಹಾಗೆ. ಕುಮಟಾ ಕಡೆಯ ಉಪ್ಪಿನಾಗರದಲ್ಲಿ, ಸಮುದ್ರದ ನೀರು ಆರಿಸುವ ಗದ್ದೆಗಳಲ್ಲಿ, ಹರೆಯದಿಂದ ಮುಪ್ಪಿನ ತನಕ ಉಪ್ಪು ಎಳೆದವಳು ಅವಳು. ಬಿಸಿಲಿಗೆ ಉರಿಯುವ ಆ ಬಿಳುಪನ್ನು ನೋಡಲಾರದೆ ಕಣ್ಣು ಕಿರಿದು ಮಾಡಿಕೊಂಡೇ ದುಡಿದಳು. ಮಡಿಚಿಕೊಂಡ ಚರ್ಮದ ಒಳಗೆ ಬಿಸಿಲು ಹೋಗಲೇ ಇಲ್ಲ. "ಈ ಗೆರೆ ಇದ್ದಷ್ಟೇ ನಾ ಹುಟ್ಟಿದಾಗಿನ ಬಣ್ಣ, ಉಳಿದದ್ದೆಲ್ಲಾ ಆಗರದ್ದು" ಎನ್ನುತ್ತಿದ್ದಳು.

ನಾನು ಅವಳನ್ನು ಉಪ್ಪಿನಕ್ಕ ಎಂದೇ ಕರೆದದ್ದು. ನಾನು ಮದುವೆಯಾಗಿ ಧಾರೇಶ್ವರದ ಹತ್ತಿರದ ಈ ಮನೆಗೆ ಬಂದಾಗ ಅವಳು ಬುಟ್ಟಿಯಲ್ಲಿ ಉಪ್ಪು ಹೊತ್ತು ಬಾಗಿಲಿಗೆ ಬರುತ್ತಿದ್ದಳು. ಮೊಣಕಾಲು ಸೋತ ಮೇಲೆ ತಂಗಿಯ ಮಗಳ ಮನೆಗೆ ಬಂದು ನಿಂತಳು. ಅದು ನಮ್ಮ ಪಕ್ಕದ ಮನೆ. ದಿನಾ ಮಧ್ಯಾಹ್ನ ನಮ್ಮ ಜಗಲಿಗೆ ಬರುವಳು. ಕುರ್ಚಿ ಕೊಟ್ಟರೆ ಕೂರುವುದಿಲ್ಲ, ಮೆಟ್ಟಿಲೇ ಆಗಬೇಕು. ಒಳಗೆ ಕುದಿಯುವ ಸಾರಿನ ವಾಸನೆ ಹಿಡಿದು, "ತಂಗೀ, ಇವತ್ತು ಉಪ್ಪು ಹಾಕೂಕೆ ಮರ್ತೆ" ಎಂದು ಅಲ್ಲಿಂದಲೇ ಕೂಗುವಳು. ಹೋಗಿ ನೋಡಿದರೆ ನಿಜ, ಮರೆತಿರುತ್ತಿದ್ದೆ. ಯಾರಾದರೂ ಗಡಿಬಿಡಿ ಮಾಡಿದರೆ ಅವಳದು ಒಂದೇ ಮಾತು: "ಅವಸರ ಇದ್ದವ್ರು ಮುಂದೆ ಹೋಗ್ಲಿ, ನಾ ಇಲ್ಲೇ ಕೂತೆ."

ಈಗ ಮೊಮ್ಮಗಳ ವಿಷಯ. ಅವಳ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಕೈಯೂ ನಿಲ್ಲುವುದಿಲ್ಲವೆಂದು ಇದನ್ನು ಬರೆಯಲು ಕೂತ ಮೇಲೆ ಗೊತ್ತಾಯಿತು. ನನ್ನದು ನಾಲ್ಕನೆಯ ಇಯತ್ತೆಗೆ ಮುಗಿದ ಓದು. ಅವಳು ಎರಡನೆಯ ಪಿಯುಸಿ ತನಕ ಬಂದಳೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅದೇ ತಪ್ಪಾಯಿತೋ ಏನೋ. ಭೌತಶಾಸ್ತ್ರ ಒಂದರಲ್ಲಿ ಅವಳು ಫೇಲಾದಳು. ಆವತ್ತಿನಿಂದ ಅಂಗಳದ ಬೇಲಿಯ ದಣಪೆ ದಾಟಲಿಲ್ಲ. ಮನೆಗೆ ಯಾರೇ ಬಂದರೂ ಮೊದಲು ಕೇಳುವುದು "ರಿಸಲ್ಟ್ ಎಂತ ಆತು?" ಎಂದೇ. ಆ ಪ್ರಶ್ನೆಗೆ ಹೆದರಿ ಅವಳು ಒಳಕೋಣೆ ಸೇರಿದಳು. ಎರಡು ತಿಂಗಳು! ಮತ್ತೆ ಪರೀಕ್ಷೆಗೆ ಕೂರುವುದಿಲ್ಲವೆಂದು ಹಠ. ಊಟದ ಬಟ್ಟಲಿನ ಮುಂದೆ ಕೂಡ ತಲೆ ಎತ್ತುತ್ತಿರಲಿಲ್ಲ.

ಅವಳಿಗೆ ಮೂವರು ಸ್ನೇಹಿತರು. ಮೂವರೂ ಪಾಸಾಗಿ ಮುಂದಿನ ಕಾಲೇಜು ಸೇರಿದ್ದರು. ಒಬ್ಬಳು ಹೊನ್ನಾವರದವಳು, ಒಬ್ಬಳು ಭಟ್ಕಳದ ನವಾಯತರ ಮನೆಯವಳು, ಒಬ್ಬ ತೆಂಗಿನಗುಂಡಿಯ ಹುಡುಗ, ಒಣಮೀನಿನ ವ್ಯಾಪಾರದವರ ಮಗ. ನಾಲ್ವರೂ ಸೇರಿ ಮೊದಲು ನಮ್ಮ ಜಗಲಿಯಲ್ಲಿ ಒಂದು ಆಟ ಆಡುತ್ತಿದ್ದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಬ್ಬರು ಕಥೆ ನಡೆಸುವವರು. ಅದು ನನ್ನ ಮೊಮ್ಮಗಳು. ಉಳಿದವರು ಕಥೆಯೊಳಗೆ ಒಂದೊಂದು ವೇಷ: ಒಬ್ಬ ಕತ್ತಿವೀರ, ಒಬ್ಬಳು ಮಂತ್ರವಾದಿ, ಹೀಗೆ. "ನಾನು ಬಾಗಿಲು ಒದೀತೇನೆ" ಎಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆ ನೋಡಿ ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎಂದು ಕಥೆ ನಡೆಸುವವಳು ಹೇಳುತ್ತಾಳೆ. ಅಷ್ಟೇ ಆಟ, ಆದರೆ ಎದ್ದೇಳುತ್ತಿರಲಿಲ್ಲ.

ಆಷಾಢದಲ್ಲಿ ಭಟ್ಕಳದ ಹುಡುಗಿ ಫೋನು ಮಾಡಿದಳು. ಬರುವ ವಾರ ಬಿಟ್ಟು ಅದರ ಮುಂದಿನ ಭಾನುವಾರ ಮೂವರೂ ಬರುತ್ತೇವೆ, ಒಂದು ಕೊಲೆಯ ಕಥೆ ಮಾಡಿಡು, ಹಿಂದಿನ ಸಲದ ಹಾಗೆ ಐದು ನಿಮಿಷಕ್ಕೆ ಮುಗಿಯಬಾರದು, ಎಂದು. ಮೊಮ್ಮಗಳು ಬೇಡ ಎನ್ನಲಾರದೆ ಹೂಂ ಎಂದಳು. ಫೋನಿಟ್ಟ ಮೇಲೆ ನನ್ನ ಹತ್ತಿರ ಬಂದು, "ಅಜ್ಜಿ, ಈ ಸಲವೂ ಹಾಳಾದ್ರೆ ಅವ್ರು ಇನ್ನು ಬರೂದಿಲ್ಲ" ಎಂದಳು. ಆ ಮೂವರೂ ಕೈಬಿಟ್ಟರೆ ಇವಳನ್ನು ಕೋಣೆಯಿಂದ ಹೊರಗೆ ಕರೆಯುವವರು ಇನ್ಯಾರು?

ನಾಲ್ಕು ದಿನ ಕಾಲೇಜಿನ ನೋಟ್ಸ್ ಪಟ್ಟಿಯಲ್ಲಿ ಬರೆದಳು, ಹೊಡೆದುಹಾಕಿದಳು. ಐದನೆಯ ದಿನ ಉಪ್ಪಿನಕ್ಕ ಮೆಟ್ಟಿಲ ಮೇಲೆ ಕೂತು, "ಎಂತಾ ಕೂಸೇ, ಪಟ್ಟಿಯೊಟ್ಟಿಗೆ ಜಗಳವಾ?" ಎಂದಳು.

"ಉಪ್ಪಿನಜ್ಜಿ, ಒಬ್ಬನ್ನ ಕೊಲ್ಲಬೇಕು. ಆಗ್ತಾನೇ ಇಲ್ಲ."

ಒಳಗೆ ನನ್ನ ಕೈಯಿಂದ ಸೌಟು ಜಾರಿತು. ಉಪ್ಪಿನಕ್ಕ ಮಾತ್ರ ಅಲ್ಲಾಡಲಿಲ್ಲ. "ಎಂಥವ ಅವ? ಕೊಲ್ಲೂಕೆ ಲಾಯಕ್ಕಾದವನೋ ಹೇಗೆ?" ಎಂದು ಕೇಳಿದಳು.

ಆಗ ಮೊಮ್ಮಗಳು ಹೇಳತೊಡಗಿದಳು. ಸಮುದ್ರದ ನಡುವೆ ಒಂದು ಕೋಟೆ. ಅದರಲ್ಲಿ ಒಬ್ಬ ಮುದಿ ಮಂತ್ರವಾದಿ. ಒಂದು ಮಳೆಗಾಲದ ಬೆಳಗ್ಗೆ ಅವನು ಏಳಲಿಲ್ಲವೆಂದು ಬಾಗಿಲು ಒಡೆದು ನೋಡಿದರೆ ಎದೆಯಲ್ಲಿ ಚೂರಿ. ಬಾಗಿಲಿಗೆ ಒಳಗಿನಿಂದ ಅಗಳಿ. ಕಿಟಕಿ ಬೆಕ್ಕು ನುಗ್ಗುವಷ್ಟು. ಒಳಗೆ ಬೇರೆ ಯಾರೂ ಇಲ್ಲ. ಕೊಂದವನು ಹೊರಗೆ ಹೋದದ್ದು ಹೇಗೆ? ಕಷ್ಟ ಏನೆಂದರೆ ಅದು ಮಂತ್ರ ತಂತ್ರದ ಲೋಕ. ಕೊಂದವನು ಗೋಡೆಯೊಳಗಿಂದಲೇ ತೂರಿ ಹೋದ ಎಂದುಬಿಡಬಹುದು. ಹಾಗಾದರೆ ಗುಟ್ಟೇ ಇಲ್ಲ. ಭಟ್ಕಳದ ಹುಡುಗಿಯ ವೇಷಕ್ಕೆ ಸತ್ತವರನ್ನು ಮಾತಾಡಿಸುವ ಮಂತ್ರ ಬರುತ್ತದೆ. ಹಿಂದಿನ ಸಲ ಅವಳು ಹೆಣವನ್ನೇ "ನಿನ್ನ ಕೊಂದದ್ದು ಯಾರು?" ಎಂದು ಕೇಳಿದ್ದಳು. ಹೆಣ ಹೆಸರು ಹೇಳಿತು. ಆಟ ಮುಗಿಯಿತು.

ಉಪ್ಪಿನಕ್ಕ ಮಳೆಯತ್ತ ಕಾಲು ಚಾಚಿಕೊಂಡಳು. "ಹೆಣಕ್ಕೇ ಗೊತ್ತಿಲ್ದೇ ಇದ್ರೆ? ನಿದ್ದೇಲಿ ಚುಚ್ಚಿದ್ರೆ ಅದಕ್ಕೆಂತ ಗೊತ್ತಾತು? ಕೇಳ್ಲಿ, ಎಷ್ಟ್ ಬೇಕಾದ್ರೂ ಕೇಳ್ಲಿ."

ಮೊಮ್ಮಗಳು ತಲೆ ಎತ್ತಿದಳು.

"ಮತ್ತೆ ಅವ ಮಂತ್ರವಾದಿ ಅಲ್ದಾ? ಜೀವಕ್ಕೆ ಹೆದರೂ ಮುದುಕ. ತನ್ನ ಕೋಣೆಯೊಳಗೆ ಬೇರೆಯವ್ರ ಮಂತ್ರ ನಡೀಬಾರ್ದು ಅಂತ ಮೊದ್ಲೇ ಕಟ್ಟು ಹಾಕ್ಕಂಡಿರ್ತಾ. ಹಂಗಾಗಿ ಕೊಂದವ ಕೈಯಲ್ಲೇ ಎಲ್ಲಾ ಮಾಡ್ಬೇಕು, ನಮ್ಮ ನಿಮ್ಮ ಹಾಗೆ."

"ಆದ್ರೆ ಅಗಳಿ? ಹೊರಗೆ ನಿಂತು ಒಳಗಿನ ಅಗಳಿ ಹ್ಯಾಂಗೆ ಹಾಕೂದು ಅಜ್ಜಿ?"

"ಅವ ಹಾಕೂದು ಎಂತಕೆ? ಮಳೆ ಹಾಕ್ತದೆ" ಎಂದಳು ಉಪ್ಪಿನಕ್ಕ.

ನಮ್ಮ ಹಿತ್ತಿಲ ಬಾಗಿಲು ಹಳೆಯದು. ಅಗಳಿ ಎಂದರೆ ಒಂದು ತುದಿಯಲ್ಲಿ ಬಾಗಿಲಿಗೇ ಮೊಳೆ ಹೊಡೆದ ಮರದ ಪಟ್ಟಿ. ಎತ್ತಿ ಬಿಟ್ಟರೆ ಇನ್ನೊಂದು ತುದಿ ಚೌಕಟ್ಟಿನ ಕೊಕ್ಕೆಯೊಳಗೆ ಬೀಳುತ್ತದೆ. ಅದನ್ನು ತೋರಿಸಿ ಉಪ್ಪಿನಕ್ಕ ಹೇಳಿದ ಉಪಾಯ ಇದು: ಪಟ್ಟಿಯನ್ನು ಎತ್ತಿ, ಅದರ ಕೆಳಗೆ ಬಾಗಿಲಿಗೇ ಇರುವ ಅಡ್ಡಹಲಗೆಯ ಮೇಲೆ ಉಪ್ಪಿನ ಗಟ್ಟಿಯೊಂದನ್ನು ಆನಿಕೆ ಕೊಟ್ಟು, ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು. ಮಳೆಗಾಲದ ಗಾಳಿಗೆ ಉಪ್ಪು ಕರಗಿ ನೀರಾಗುತ್ತದೆ, ಪಟ್ಟಿ ತಾನೇ ಬೀಳುತ್ತದೆ. ಕೊಂದವನು ಅಷ್ಟು ಹೊತ್ತಿಗೆ ಎಲ್ಲರ ಕಣ್ಣೆದುರು ಊಟಕ್ಕೆ ಕೂತಿರುತ್ತಾನೆ.

ಮೊಮ್ಮಗಳು ಓಡಿದಳು. ಅಡುಗೆಮನೆಯ ಪಾಕೀಟಿನ ಪುಡಿ ಉಪ್ಪನ್ನು ನೀರಿನ ಕೈಯಲ್ಲಿ ಉಂಡೆ ಕಟ್ಟಿ, ಒಲೆಯ ಹತ್ತಿರ ಒಣಗಿಸಿ, ಹಿತ್ತಿಲ ಬಾಗಿಲಿಗೆ ಇಟ್ಟಳು. ಎರಡು ದಿನ ಕಳೆಯಿತು. ಹೊರಗೆ ಧೋ ಎಂದು ಮಳೆ, ಒಳಗೆ ಉಂಡೆ ಕಲ್ಲಿನ ಹಾಗೆ ಕೂತಿತ್ತು.

"ಬಿಡು ಅಜ್ಜಿ. ನಾ ಮುಟ್ಟಿದ್ದೆಲ್ಲಾ ಫೇಲು" ಎಂದಳು. ಫಲಿತಾಂಶ ಬಂದ ಮೇಲೆ ಆ ಶಬ್ದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಉಪ್ಪಿನಕ್ಕ ಬಂದು ಕಿರುಬೆರಳಿಗೆ ಉಪ್ಪು ಹತ್ತಿಸಿ ನಾಲಗೆಗಿಟ್ಟಳು, ಥೂ ಎಂದು ಉಗುಳಿದಳು. "ತೊಳ್ದು ತೊಳ್ದು ಇದಕ್ಕೆ ಬೆವರೂದನ್ನೇ ಮರೆಸಿಬಿಟ್ಟಿದ್ದಾರೆ. ಫೇಲಾದದ್ದು ನೀ ಅಲ್ಲ ಕೂಸೇ, ಈ ಉಪ್ಪು." ಮನೆಗೆ ಹೋಗಿ ತೆಂಗಿನ ಗೆರಟೆಯಲ್ಲಿ ಕಂದು ಬಣ್ಣದ ಹರಳಿನ ಗಟ್ಟಿ ತಂದಳು. ಆಗರದಲ್ಲಿ ಮೊದಲು ಎಳೆಯುವ ಉಪ್ಪು ಊಟಕ್ಕೆ, ಹದವಾದದ್ದು. ನೀರು ಆರುತ್ತಾ ಆರುತ್ತಾ ಕಡೆಯಲ್ಲಿ ಉಳಿಯುವ ಉಪ್ಪು ಕಹಿ. ಮೋಡ ಕಂಡರೇ ಬೆವರಿ ನೀರಾಗುತ್ತದೆ. ಅದನ್ನು ತೆಂಗಿನ ಬುಡಕ್ಕಲ್ಲದೆ ಬೇರೆಲ್ಲಿಗೂ ಹಾಕುವುದಿಲ್ಲ. ಇದು ಉಪ್ಪಿನೊಡನೆ ದುಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ. ನಾಲ್ಕು ಮನೆಗೆ ಉಪ್ಪು ಕೊಟ್ಟವಳು ಅದನ್ನು ಯಾರಿಗೆ ಯಾಕೆ ಹೇಳಿಯಾಳು? ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಗಟ್ಟಿ ಇಟ್ಟೆವು. ಹಿತ್ತಿಲ ಬಾಗಿಲು ಯಾರೂ ಮುಟ್ಟಬೇಡಿ ಎಂದು ಮನೆಗೆಲ್ಲ ಹೇಳಿದೆವು. ಮರುದಿನ ಬೆಳಗ್ಗೆಯೇ ಉಪ್ಪಿನಕ್ಕ ನೋಡಲು ಬಂದು, ನಾವು ಮೂವರೂ ಚಹಾ ಕುಡಿಯುತ್ತಿದ್ದಾಗ ಧಡ್ ಎಂದು ಸದ್ದು. ಹಿಂದೆಯೇ ಸೊಸೆಯ ಕೂಗು: "ಯಾರು ಅಗಳಿ ಹಾಕಿದ್ದು? ನಾ ಹೊರಗಿದ್ದೇನೆ! ಕಾಣೂದಿಲ್ವಾ!" ಅವಳು ಮರೆತು ಮೆಲ್ಲಗೆ ಬಾಗಿಲು ತೆರೆದು ಪಾತ್ರೆ ತೊಳೆಯಲು ಹೋಗಿದ್ದಳಂತೆ.

"ಒಳಗೆ ಯಾರೂ ಇಲ್ಲೆ!" ಎಂದು ಮೊಮ್ಮಗಳು ಕುಣಿಯತೊಡಗಿದಳು. "ಅಮ್ಮಾ, ಯಾರೂ ಹಾಕ್ಲಿಲ್ಲ! ಯಾರೂ ಹಾಕ್ಲೇ ಇಲ್ಲ!"

"ಹುಚ್ಚು ಹಿಡೀತೇನೇ ನಿಂಗೆ? ಬಾಗ್ಲು ತೆಗಿ, ನೆನೀತಾ ಇದ್ದೇನೆ!"

ನಾನು ತೆಗೆಯಲು ಎದ್ದರೆ ಉಪ್ಪಿನಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು. "ಇರು ತಂಗೀ. ಕೂಸು ನಗ್ತದೆ, ಕೇಳು." ಸೊಸೆ ಇನ್ನೂ ಸ್ವಲ್ಪ ನೆನೆಯಲಿ ಎಂದು ನಾನೂ ಕೂತೆ. ಎರಡು ತಿಂಗಳ ಮೇಲೆ ಬಂದ ನಗು, ಅದನ್ನು ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ!

ಭಾನುವಾರ ಮೂವರೂ ಬಂದರು. ಯಾರೂ ಪರೀಕ್ಷೆಯ ಮಾತೆತ್ತಲಿಲ್ಲ. ಉಪ್ಪಿನಕ್ಕನಿಗೂ ಕೋಟೆಯ ಅಡುಗೆಯವಳ ವೇಷ ಸಿಕ್ಕಿತ್ತು. ಭಟ್ಕಳದ ಹುಡುಗಿ ಮೊದಲು ಹೆಣವನ್ನೇ ಕೇಳಿದಳು. ಮೊಮ್ಮಗಳು ಹೆಣದ ಧ್ವನಿ ತೆಗೆದು, "ನಾನು ಮಲಗಿದ್ದೆ... ಹೌದಾ, ನನ್ನನ್ನು ಕೊಂದರೇ?" ಎಂದಾಗ ಆ ಹುಡುಗಿಯ ಮುಖ ನೋಡಬೇಕಿತ್ತು. ಆಮೇಲೆ ವಿಚಾರಣೆ: ಮೊದಲು ಕಾವಲುಗಾರ, ತೋಟ ನೋಡುವ ಮುದುಕ, ಕಡೆಗೆ ಅಡುಗೆಯವಳು.

"ನಿನ್ನೆ ಸಂಜೆ ಎಲ್ಲಿದ್ದೆ?" ಎಂದಳು ಹೊನ್ನಾವರದವಳು.

"ಒಲೆ ಮುಂದೆ. ನೀವು ಉಂಡದ್ದು ಆಕಾಶದಿಂದ ಬಿತ್ತಾ?"

"ಸುಳ್ಳು ಹೇಳಿದ್ರೆ ರಾಜ ತಲೆ ತೆಗೀತಾನೆ ಅಜ್ಜಿ" ಎಂದಳು ಭಟ್ಕಳದವಳು.

"ತೆಗೀಲಿ. ಈ ನರೆತ ತಲೆ ಇಟ್ಕಂಡು ರಾಜ ಎಂತ ಮಾಡ್ತಾ?"

ಗುಟ್ಟು ಬಾಯಿಗೆ ಬಂದಾಗಲೆಲ್ಲ ಉಪ್ಪಿನಕ್ಕ ಸೆರಗಿನ ತುದಿ ಕಚ್ಚುತ್ತಿದ್ದಳು. ಮೂರು ಗಂಟೆ ನಡೆಯಿತು ಆಟ. ಮಂತ್ರವಾದಿಯ ಬಾಗಿಲ ಬುಡದ ಒದ್ದೆಯನ್ನು ಮಳೆ ಎಂದುಕೊಂಡರು, ಬಿಟ್ಟರು. ಹಲಗೆಯ ಮೇಲಿನ ಬಿಳಿ ಕಲೆಯನ್ನು ಶಿಲೀಂಧ್ರ ಎಂದರು. ಒಂದು ಕಾಣದಿದ್ದರೆ ಇನ್ನೊಂದು ಕಾಣಲಿ ಎಂದು ಕಥೆಯಲ್ಲಿ ನಾಲ್ಕು ಕಡೆ ಸುಳಿವು ಇಡಿಸಿದ್ದೂ ಉಪ್ಪಿನಕ್ಕನೇ. ಕೊನೆಗೆ ತೆಂಗಿನಗುಂಡಿಯ ಹುಡುಗ, "ನಾನು ಆ ಕಲೆ ನೆಕ್ಕಿ ನೋಡ್ತೇನೆ" ಎಂದ. ದಾಳ ಉರುಳಿತು. ಮೊಮ್ಮಗಳು ಮೆಲ್ಲಗೆ, "ಉಪ್ಪು. ಮತ್ತೆ ಕಹಿ" ಎಂದಳು.

ಅವನು ಎದ್ದೇ ನಿಂತ. "ಕಹಿಯಾ? ಇದು ಅಡುಗೆದಲ್ಲ. ಮೀನಿಗೂ ಹಾಕೂದಿಲ್ಲ, ಹಾಕಿದ್ರೆ ಒಣಗೂದೇ ಇಲ್ಲ. ಇದು ತೆಂಗಿನ ಬುಡದ್ದು! ತೋಟ ನೋಡೂ ಮುದುಕ ಎಲ್ಲಿ?" ಅಗಳಿ ಬಿದ್ದದ್ದು ಉಪ್ಪು ಕರಗಿ ಎಂದು ಮೂವರೂ ಒಟ್ಟಿಗೆ ಕೂಗಿದರು. ಮೊಮ್ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಉಪ್ಪಿನಕ್ಕ ಸೆರಗು ಬಿಟ್ಟು, "ಅಬ್ಬಾ, ಹಲ್ಲು ನೋಯ್ತಿತ್ತು" ಎಂದಳು.

ಸಂಜೆ ಅವರು ಹೊರಟಾಗ ಮೊಮ್ಮಗಳು ಮಾತಾಡುತ್ತಾ ಮಾತಾಡುತ್ತಾ ಅವರ ಜೊತೆಗೇ ದಣಪೆ ದಾಟಿ ಬಸ್ಸಿನ ರಸ್ತೆಗೆ ನಡೆದುಬಿಟ್ಟಳು. ತಾನು ಹೊರಗೆ ಬಂದೆನೆಂದು ಅವಳಿಗೇ ಗೊತ್ತಾಗಲಿಲ್ಲ. ನಾನು ಕೊಡೆ ಕೊಡಲು ಕರೆಯಹೊರಟೆ. ಉಪ್ಪಿನಕ್ಕ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಕರೀಬೇಡ. ತಿರುಗಿ ನೋಡಿದ್ರೆ ನೆನಪಾತದೆ. ನೆನೀಲಿ, ಹೋಗ್ಲಿ." ಎರಡು ತಿಂಗಳಲ್ಲಿ ಒಂದೇ ಒಂದು ಸಲವೂ ಉಪ್ಪಿನಕ್ಕ ಆ ಕೂಸಿನ ಹತ್ತಿರ ಫಲಿತಾಂಶ ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಆ ವಾರವೇ ಮೊಮ್ಮಗಳು ಅಪ್ಪನ ಹತ್ತಿರ ಮರುಪರೀಕ್ಷೆಯ ಅರ್ಜಿ ತುಂಬಿಸಿದಳು, ಪರೀಕ್ಷೆ ಬಂದಾಗ ಬರೆದೂ ಬಂದಳು.

ಚೌತಿ ಕಳೆದ ಮೇಲೆ ಒಂದು ಬೆಳಗ್ಗೆ ಉಪ್ಪಿನಕ್ಕ ಏಳಲಿಲ್ಲ. ಅವಳ ಜೊತೆ ಆಗರದಲ್ಲಿ ದುಡಿದ ನಾಲ್ಕೈದು ಮುದುಕಿಯರು ಕುಮಟಾದ ಆಚೆ ಬೇರೆ ಬೇರೆ ಕೇರಿಯಲ್ಲಿದ್ದರು. ಸಾವಿನ ಸುದ್ದಿ ಮನೆಗೆ ಹೋಗಿ ಹೇಳಬೇಕು. ಫೋನಿನ ನಂಬರೂ ಯಾರಿಗೂ ಗೊತ್ತಿಲ್ಲ. ಗಂಡಸರು ಕಟ್ಟಿಗೆಯ ಓಡಾಟದಲ್ಲಿದ್ದರು. "ನಾ ಹೋಗ್ತೇನೆ" ಎಂದು ಮೊಮ್ಮಗಳು ಬಸ್ಸು ಹತ್ತಿದಳು. ಗುರುತಿಲ್ಲದ ಕೇರಿಗಳಲ್ಲಿ ಮನೆ ಕೇಳುತ್ತಾ ಅಲೆದು, ಮಧ್ಯಾಹ್ನದೊಳಗೆ ಎಲ್ಲರನ್ನೂ ಒಂದು ಟೆಂಪೋದಲ್ಲಿ ಕೂರಿಸಿ ಕರೆತಂದಳು.

ಅವರಲ್ಲಿ ಒಬ್ಬ ಮುದುಕಿ ಅತ್ತು ಮುಗಿಸಿ ನನ್ನ ಪಕ್ಕ ಬಂದು ಕೂತಳು. "ನಿನ್ನ ಮೊಮ್ಮಗಳಾ ಅದು? ಎಂತ ಓದ್ತೀ ಅಂತ ಕೇಳ್ದೆ. 'ಒಂದ್ರಲ್ಲಿ ಫೇಲಾಗಿದ್ದೆ ಅಜ್ಜಿ, ಮತ್ತೆ ಬರ್ದಿದ್ದೇನೆ, ರಿಸಲ್ಟ್ ಬರ್ಲಿಲ್ಲ' ಅಂತು. ಕುಡಿಯೂಕೆ ನೀರು ಕೇಳ್ದಷ್ಟು ಸಲೀಸಾಗಿ ಹೇಳ್ತು, ನೋಡು."

ಸಾವಿನ ಮನೆಯಲ್ಲಿ ಕೂತು ನನಗೆ ಹಿಗ್ಗು ಉಕ್ಕಿ ಬಂತು. ಅಳುವವರ ನಡುವೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ, ಯಾರಿಗೆ ಹೇಳಲಿ? ಎದ್ದು ಹೋಗಿ ಉಪ್ಪಿನಕ್ಕನ ತಲೆಯ ಹತ್ತಿರ ಕೂತೆ. ಅವಳ ಕಿವಿಗೆ ಬಾಗಿ, ಆ ಮುದುಕಿ ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ಹೇಳಿದೆ.