ತಂಗಿ ಕಣ್ಣುಜ್ಜುವಾಗ

ತಂಗಿ ಕಣ್ಣುಜ್ಜಿದರೆ ಕೈ ಹಿಡಿದು ಬಿಡಿಸು ಎಂದು ಅಮ್ಮ ನನಗೆ ಹೇಳಿದ್ದಳು. ನಾನು ಬಿಡಿಸಲಿಲ್ಲ. ನೋಡಿಯೂ ಸುಮ್ಮನಿದ್ದೆ.

ನಮ್ಮದು ಬೂದಿಕೋಟೆ ಕಡೆಯ ಹಳ್ಳಿ. ನನ್ನ ಏಳನೇ ಕ್ಲಾಸು ಮುಗಿದ ವರ್ಷ ಮನೆಗೆ ಸೀಮೆಹಸುಗಳು ಬಂದವು, ನಾನು ಸ್ಕೂಲು ಬಿಟ್ಟು ಕೊಟ್ಟಿಗೆಗೆ ನಿಂತೆ. ತಂಗಿ ಓದುತ್ತ ಹೋದಳು, ಬಸ್ಸು ಹತ್ತಿ ಬಂಗಾರಪೇಟೆಯ ಕಾಲೇಜಿಗೂ ಹೋದಳು. ಬೆಳಿಗ್ಗೆ ಅವಳಿಗೆ ಜಡೆ ಹೆಣೆಯುವಾಗ ನನ್ನ ಕೈಯಿಂದ ಸಗಣಿ ವಾಸನೆ ಹೋಗಿರುತ್ತಿರಲಿಲ್ಲ.

ಕಾಲೇಜಿನಲ್ಲಿ ಅವಳಿಗೆ ಬೋರ್ಡಿನ ಅಕ್ಷರಗಳು ನೆರಳಿನ ಮೇಲೆ ನೆರಳು ಬಿದ್ದಂತೆ ಕಾಣತೊಡಗಿದವು. ಕನ್ನಡಕ ಬದಲಿಸಿದರೂ ಸರಿಹೋಗಲಿಲ್ಲ. ಅಪ್ಪ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೆರಟೋಕೋನಸ್ ಅಂತ ಕಾಯಿಲೆಯ ಹೆಸರು. ಕಣ್ಣಿನ ಮುಂದಿರುವ ಗಾಜಿನಂಥ ಪದರ, ಕಾರ್ನಿಯಾ, ತೆಳ್ಳಗಾಗಿ ಬುಗುರಿಯ ಮೂತಿಯಂತೆ ಚೂಪಾಗಿ ಉಬ್ಬುತ್ತಿದೆಯಂತೆ. ಉಜ್ಜಿದಷ್ಟೂ ಹೆಚ್ಚುತ್ತದೆ, ಉಜ್ಜಲೇಬಾರದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು ಕಳಿಸಿದರು.

ಅವತ್ತಿನಿಂದ ಅವಳು ಕಸ ಗುಡಿಸುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ. ಅಪ್ಪ ಅವಳಿಗೆಂದೇ ಸೇಬು ತಂದ.

"ನೀನು ಮನೇಲೇ ಇರ್ತೀಯಲ್ಲ, ಅವಳ ಕೈ ಕಣ್ಣಿಗೆ ಓಗದಂಗೆ ನೋಡ್ಕೊಳೆ," ಅಂದಳು ಅಮ್ಮ.

ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದ ತಂಗಿ, "ನಂಗೆ ಚಂದ್ರ ಮೂರು ಕಾಣ್ತವೆ ಕಣಕ್ಕ," ಅಂದಳು.

"ಚಂದ್ರನ್ನೂ ನಿಂಗೇ ಜಾಸ್ತಿ ಕೊಟ್ಟವ್ನೆ ದೇವ್ರು, ಬಿಡು," ಅಂದೆ.

ಅವಳು ನಕ್ಕಳು. ನಾನು ತಮಾಷೆಗೆ ಅಂದಿರಲಿಲ್ಲ.

ಹಸುಗಳಿಗೆ ಒಣಹುಲ್ಲು ಹಾಕುವ ಹೊತ್ತಿಗೆ ಅವಳು ಮಾತಾಡಲು ಕೊಟ್ಟಿಗೆಗೆ ಬರುತ್ತಿದ್ದಳು. ಧೂಳಿಗೆ ಕಣ್ಣು ಕಡಿಯುತ್ತಿತ್ತು. ಬೆರಳ ಗಿಣ್ಣು ಒತ್ತಿ ಗಸಗಸ ಉಜ್ಜುವಳು, ಉಜ್ಜುತ್ತಲೇ ಕಾಲೇಜಿನ ಸುದ್ದಿ ಹೇಳುವಳು. ಒಂದು ಮಾತು ಸಾಕಿತ್ತು. ಉಜ್ಜಿಕೊಳ್ಳಲಿ, ಎಲ್ಲಾ ಇವಳಿಗೇ ಯಾಕೆ ಸಿಗಬೇಕು ಎಂದು ನಾನು ಹುಲ್ಲನ್ನು ಇನ್ನಷ್ಟು ಜೋರಾಗಿ ಕೊಡವುತ್ತಿದ್ದೆ. ಅಮ್ಮ ಕೇಳಿದರೆ "ಉಜ್ಜಲ್ಲ" ಅನ್ನುತ್ತಿದ್ದೆ.

ಮತ್ತೆ ಆಸ್ಪತ್ರೆಗೆ ಹೋದಾಗ ಉಬ್ಬು ಹೆಚ್ಚಾಗಿತ್ತು. ಕಣ್ಣಿಗೆ ಮದ್ದು ಬಿಟ್ಟು, ಬೆಳಕು ಹಾಯಿಸಿ ಪದರ ಗಟ್ಟಿ ಮಾಡಿದರು. ಇನ್ನು ಮುಂದಕ್ಕೆ ಹೋಗದಂತೆ ತಡೆಯಬಹುದು, ಕೆಟ್ಟಿದ್ದು ಮೊದಲಿನಂತೆ ಆಗುವುದಿಲ್ಲ ಎಂದರು. ಈಗ ಅವಳು ಆಂಡರ್ಸನ್‌ಪೇಟೆಯ ಸ್ಕೂಲೊಂದರಲ್ಲಿ ಟೀಚರು. ದಿನವೂ ಕಣ್ಣಿಗೆ ಗಟ್ಟಿ ಲೆನ್ಸ್ ಇಟ್ಟುಕೊಳ್ಳಬೇಕು. ಅದನ್ನು ತೆಗೆದರೆ ಎದುರಿಗಿರುವ ನನ್ನ ಮುಖವೂ ಕಲಸಿಹೋಗುತ್ತದಂತೆ.

ಹೋದ ವಾರ ಊರಿಗೆ ಬಂದಿದ್ದಳು. ಲೆನ್ಸ್ ತೆಗೆದಿಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಮಾತಾಡುತ್ತ ಮಾತಾಡುತ್ತ ಕೈ ಕಣ್ಣಿಗೆ ಹೋಯಿತು. ನಾನು ಹುಲ್ಲು ಬಿಸಾಕಿ ಅದನ್ನು ಹಿಡಿದುಕೊಂಡೆ.

"ಏನಕ್ಕ, ಕೈ ಮುರ್ದಾಕ್ತೀಯ?"

ನಾನು ಬಿಡಲಿಲ್ಲ.

"ಆವಾಗ ನೀನು ಉಜ್ಜೋದ್ನ ದಿನಾ ನೋಡ್ತಿದ್ದೆ ಕಣೆ. ಬೇಕಂತಲೇ ಸುಮ್ಕಿದ್ದೆ. ನೀನು ಓದ್ತೀಯ ಅಂತ ಒಟ್ಟೆಕಿಚ್ಚು ನಂಗೆ. ತಪ್ಪಾಯ್ತು ಕಣೆ."