ಇಪ್ಪತ್ತನಾಲ್ಕನೆಯ ದಿನ

ನನ್ನ ತಂಗಿ ನರ್ಸ್. ಐದು ದಿನ ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇದ್ದು ದುಡಿದರೆ ಆರನೆಯ ದಿನ ಮನೆ. ಅವಳ ಗಂಡ ದೂರದೂರಿಗೆ ಲಾರಿ ಓಡಿಸುವವನು. ಏಳು ದಿನ ರಸ್ತೆಯಲ್ಲಿ, ಎಂಟನೆಯ ದಿನ ಮನೆ. ನಾನು ಗಣಿತದ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಬಿದ್ದ ದಿನದಿಂದ ಎಣಿಸಿ ಲ.ಸಾ.ಅ. ತೆಗೆದುಕೊಟ್ಟೆ. ಆರರ ಮಗ್ಗಿಯೂ ಎಂಟರ ಮಗ್ಗಿಯೂ ಮೊದಲು ಕೂಡುವುದು ಇಪ್ಪತ್ತನಾಲ್ಕರಲ್ಲಿ. ಅಂದರೆ ಇಪ್ಪತ್ತನಾಲ್ಕು ದಿನಕ್ಕೊಮ್ಮೆ ಗಂಡ ಹೆಂಡತಿ ಒಂದೇ ಸೂರಿನಡಿ. ಅದನ್ನೇ ಏಳನೇ ಕ್ಲಾಸಿನ ಪರೀಕ್ಷೆಗೂ ಕೊಟ್ಟು ಬೀಗಿದ್ದೆ.

ಆ ದಿನ ಕಳೆದು ಅವಳು ಹಾಸ್ಟೆಲಿಗೆ ಮರಳಿದ ಮೇಲೆ ನೋಡಲು ಹೋದರೆ ಮುಖ ಬಾಡಿರುತ್ತಿತ್ತು. ಅಗಲಿದ ಸಂಕಟ ಎಂದುಕೊಂಡು ನಾನೂ ಮರುಗುತ್ತಿದ್ದೆ.

ಮೊನ್ನೆ ಅವಳ ಗಂಡನ ಫೋನ್ ಬಂತು. "ಭಾವ, ಎರಡು ತಿಂಗಳಿಂದ ಯಾವಾಗ ಹೋದ್ರೂ ಮನೆಗೆ ಬೀಗ. ಕೆಟ್ಟಿರೋದು ನಿಮ್ಮ ಲೆಕ್ಕಾನೋ, ನಿಮ್ಮ ತಂಗಿ ತಲೆನೋ?"

ನನ್ನ ಲೆಕ್ಕ ಕೆಟ್ಟಿದೆ ಎಂದರೆ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತಂಗಿಯ ಸಂಸಾರ ಮುರಿದರೆ ಏನು ಗತಿ ಎಂದು ಹೆದರಿಕೆಯಾಯಿತು. ನೆಟ್ಟಗೆ ಹಾಸ್ಟೆಲಿಗೆ ಹೋದೆ. ಗೋಡೆಯ ಮೇಲಿನ ಡ್ಯೂಟಿ ಪಟ್ಟಿ ನೋಡಿದ ಕೂಡಲೇ ಗೊತ್ತಾಯಿತು. ಇಬ್ಬರೂ ಕೊನೆಯ ಸಲ ಸೇರಿದ ಮೇಲೆ ಅವಳ ರಜೆ ಒಂದು ದಿನ ಮುಂದಕ್ಕೆ ಹೋಗಿತ್ತು. ಅಲ್ಲಿಂದ ಎಣಿಸಿದರೆ ಅವನ ರಜೆ ಎಂಟು, ಹದಿನಾರು, ಇಪ್ಪತ್ತನಾಲ್ಕು, ಎಲ್ಲ ಸಮಸಂಖ್ಯೆ. ಇವಳದು ಏಳು, ಹದಿಮೂರು, ಹತ್ತೊಂಬತ್ತು, ಎಲ್ಲ ಬೆಸ. ಇಪ್ಪತ್ತನಾಲ್ಕಲ್ಲ, ಇನ್ನೂರ ನಲವತ್ತು ದಿನ ಕಾದರೂ ಕೂಡುವುದಿಲ್ಲ.

ಊಟದ ಬಿಡುವಿನಲ್ಲಿ ತಂಗಿ ಬಂದು ಬೆಂಚಿನ ಮೇಲೆ ಕೂತಳು.

"ಯಾರದೋ ಡ್ಯೂಟಿ ವಹಿಸ್ಕೊಂಡು ಉಪಕಾರ ಮಾಡೋಕೆ ಹೋಗಿ ನಿನ್ನ ಸಂಸಾರಕ್ಕೇ ಕಲ್ಲು ಹಾಕ್ಕೊಂಡಿದ್ದೀಯಲ್ಲೇ," ಎಂದು ರೇಗಿದೆ. "ಇನ್ನೊಂದೇ ಒಂದು ದಿನ ಮುಂದಕ್ಕೆ ಹಾಕಿಸ್ಕೋ, ಸರಿಹೋಗುತ್ತೆ."

"ಉಪಕಾರ ಅಲ್ಲಣ್ಣ. ನಾನೇ ಕೇಳ್ಕೊಂಡಿದ್ದು." ಅವಳು ನನ್ನ ಕಡೆ ನೋಡಲಿಲ್ಲ. "ಮೇಟ್ರನ್ ಎರಡು ದಿನ ಮುಂದಕ್ಕೆ ಹಾಕ್ತೀನಿ ಅಂದ್ರು. ಎರಡು ಬೇಡ, ಒಂದೇ ಸಾಕು ಅಂದೆ."

ಎರಡಾಗಿದ್ದರೆ ಎಂಟನೆಯ ದಿನವೇ ಇಬ್ಬರೂ ಸೇರುತ್ತಿದ್ದರು. ಅವರು ಸೇರುವ ದಿನ ಯಾವುದೆಂದು ಎಣಿಸುತ್ತಲೇ ಬಂದವನು, ಆ ದಿನ ಅವಳಿಗೆ ಹೇಗೆ ಕಳೆಯುತ್ತದೆಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು.

"ಹೊಡೀತಾನೇನೇ?" ಎಂದೆ.

ಅವಳು ಎದ್ದು ನಿಂತಳು. ಬಿಡುವು ಮುಗಿದಿತ್ತು.

"ಈ ಲೆಕ್ಕ ಮಾತ್ರ ಅವರಿಗೆ ಬಿಡಿಸಿ ಹೇಳ್ಬೇಡಣ್ಣ," ಎಂದಳು.