'ಖಾಲಿ' ಬೋರ್ಡು

ಅರವತ್ತೆಂಟರ ವೆರ್ನಾ ಅಮೆರಿಕದ ಮಿನೆಸೋಟದಲ್ಲಿ ಮೂವತ್ತೊಂದು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದಳು. ಮಕ್ಕಳೆಲ್ಲ ಇಳಿದ ಮೇಲೆ ಒಂದೊಂದು ಸೀಟನ್ನೂ ಬಗ್ಗಿ ನೋಡುತ್ತಾ ಹಿಂದಿನವರೆಗೆ ನಡೆಯುತ್ತಿದ್ದಳು. ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ಖಾತ್ರಿಯಾದರೆ ಮಾತ್ರ ಹಿಂದಿನ ಕಿಟಕಿಗೆ 'ಖಾಲಿ' ಎಂಬ ಬೋರ್ಡು ತೂಗುಹಾಕುತ್ತಿದ್ದಳು.

ನೆನಪು ಕೈಕೊಡುತ್ತಿದೆ ಎಂದು ಅವಳೇ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ಗಡಿಯಾರದ ಚಿತ್ರ ಬರೆಸಿ, ಐದು ಪದ ನೆನಪಿನಿಂದ ಹೇಳಿಸಿ, ಮರೆವಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಮೂವತ್ತು ಕೊಟ್ಟು ಕಳಿಸಿದ್ದ.

ಜನವರಿಯ ಒಂದು ಬೆಳಿಗ್ಗೆ, ಮೈ ಮರಗಟ್ಟುವ ಚಳಿಯಲ್ಲಿ, ಅವಳು ಡಿಪೋ ಆಫೀಸಿಗೆ ನುಗ್ಗಿ ಮ್ಯಾನೇಜರ್ ಡ್ವೇನನ ಮೇಜಿನ ಮೇಲೆ ಬಸ್ಸಿನ ಕೀಲಿ ಕುಕ್ಕಿದಳು.

"ಪಾಸಾಗಿದ್ದೀಯಲ್ಲ ಮಾರಾಯ್ತಿ! ನಾನೂ ನಿನ್ನೆ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕ್ದೆ," ಎಂದು ಅವನು ನಕ್ಕ.

"ನಿನ್ನ ಕನ್ನಡಕಕ್ಕಿಷ್ಟು ಬೆಂಕಿ ಹಾಕ! ಈಗ ಬಸ್ಸಿಂದ ಇಳಿದು ತಿರುಗಿ ನೋಡ್ತೀನಿ, ಬೋರ್ಡು ನೇತಾಡ್ತಿದೆ. ಹಾಕಿದ್ದು ನಾನೇ. ಸೀಟು ನೋಡಿದ್ನೋ ಇಲ್ವೋ, ಒಂಚೂರೂ ನೆನಪಿಲ್ಲ."

"ಒಳಗೆ ಯಾರಾದ್ರೂ ಇದ್ರಾ?"

"ಮತ್ತೆ ಹತ್ತಿ ಮೂರು ಸಲ ನೋಡ್ದೆ. ಯಾರೂ ಇರ್ಲಿಲ್ಲ."

"ಮತ್ತೇನೀಗ?"

"ಇವತ್ತು ಇರ್ಲಿಲ್ಲ ಕಣೋ! ದಿನಾ ನನ್ನ ಬಸ್ಸಲ್ಲಿ ನಿದ್ದೆ ಹೊಡೆಯೋದು ನಿನ್ನ ಮೊಮ್ಮಗಳು."